ಹೊರಟವರನ್ನು ಎಲ್ಲಿಗೆ ಎನ್ನಬಾರದು

ಕಡೂರಿನ ಅಂಚಿನಲ್ಲಿ, ವೇದಾವತಿ ಹೊಳೆಗೆ ಹತ್ತಿರದ ಬೀದಿಯಲ್ಲಿ ಈರಭದ್ರಪ್ಪನ ಮನೆ ಯಾವುದೆಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ದನದ ಡಾಕ್ಟ್ರ ಮನೆ ಎಂದು ಕೇಳಿ, ಥಟ್ಟನೆ ಕೈ ತೋರಿಸುತ್ತಾರೆ. ಅವನೇನು ಡಾಕ್ಟರಲ್ಲ, ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವನು. ಆದರೆ ನಮ್ಮ ಕಡೆ ಸೂಜಿ ಹಿಡಿದವರೆಲ್ಲ ಡಾಕ್ಟರೇ, ಏನು ಮಾಡುವುದು! ಕಾಲುಬಾಯಿ ಜ್ವರ ಬಂತೆಂದರೆ ಸಾಕು, ಸೈಕಲ್ಲಿನ ಹಿಂದೆ ಡಬ್ಬಿ ಕಟ್ಟಿಕೊಂಡು ಹಳ್ಳಿ ಹಳ್ಳಿ ಸುತ್ತುತ್ತಿದ್ದ. ಸರ್ವಿಸ್ಸೆಲ್ಲ ಸೈಕಲ್ಲಿನ ಮೇಲೇ ಕಳೆಯಿತು.

ರಿಟೈರಾದ ಮೇಲೆ ಬೇರೆಯವರಾಗಿದ್ದರೆ ಆ ಸೈಕಲ್ಲಿಗೊಂದು ದೊಡ್ಡ ನಮಸ್ಕಾರ ಹಾಕಿ ಜಗಲಿ ಹಿಡಿಯುತ್ತಿದ್ದರು. ಈ ಪುಣ್ಯಾತ್ಮ ಅದಕ್ಕೆ ಹೊಸ ಟೈರು ಹಾಕಿಸಿದ. ಹೆಂಡತಿ ಕಾಶಮ್ಮ ಕಣ್ಣು ಕಣ್ಣು ಬಿಟ್ಟಳು. "ಇಷ್ಟ್ ದಿನ ದನ ನೋಡ್ಕಂಡು ತಿರುಗ್ದೆ ಕಣೇ. ಇನ್ಮೇಲೆ ಹೊಳೆ ನೋಡ್ಕಂಡು ತಿರುಗ್ತೀನಿ" ಎಂದ.

ಹಾಗೆಯೇ ತಿರುಗಿದ. ಬೆಳಿಗ್ಗೆ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಕಟ್ಟಿಸಿಕೊಂಡು, ಹೊಳೆ ಹರಿಯುವ ದಿಕ್ಕಿಗೇ ಚೌಳಹಿರಿಯೂರಿನ ಕಡೆ ಸೈಕಲ್ ಬಿಡುತ್ತಿದ್ದ. ಹೊಳೆ ಅಂದರೆ ಅದೇನು ಭೋರ್ಗರೆಯುವ ಹೊಳೆಯಲ್ಲ. ವರ್ಷದ ಮುಕ್ಕಾಲು ಪಾಲು ಮರಳು, ಜಾಲಿಮುಳ್ಳು; ಮಳೆ ಹಿಡಿದ ವರ್ಷ ಮಾತ್ರ ಚೆಕ್ ಡ್ಯಾಂ ಮೇಲೆ ತೆಳ್ಳಗೆ ನೀರು ಜಾರುತ್ತದೆ. ಎರಡೂ ದಂಡೆಯಲ್ಲಿ ತೆಂಗಿನ ತೋಟ, ಅದರಾಚೆ ರಾಗಿ ಹೊಲ, ಏರಿಳಿತವಿಲ್ಲದ ಮಣ್ಣಿನ ದಾರಿ. ಅವನು ಪೆಡಲ್ ತುಳಿಯುವ ನಿಧಾನಕ್ಕೆ ಕುರಿ ಮಂದೆಯೂ ಅವನನ್ನು ದಾಟಿಕೊಂಡು ಹೋಗುತ್ತಿತ್ತು. ಹೊಂಗೆ ಮರ ಸಿಕ್ಕರೆ ಇಳಿಯುತ್ತಿದ್ದ, ಗುರುತಿನವರು ಸಿಕ್ಕರೆ ಎಳನೀರು ಕುಡಿಯುತ್ತಿದ್ದ, ಹೊತ್ತು ಮೀರಿದರೆ ಯಾರದೋ ಮನೆಯಲ್ಲಿ ಉಂಡು ಮಲಗಿ ಮಾರನೆಯ ದಿನ ಬರುತ್ತಿದ್ದ. ಬಂದವನು ಯಾವ ಮಡುವಿನಲ್ಲಿ ನೀರು ನಿಂತಿದೆ, ಯಾರ ಹೊಲದಲ್ಲಿ ಹುಚ್ಚೆಳ್ಳು ಹೂ ಬಿಟ್ಟಿದೆ ಎಂದು ಹೇಳಿದ್ದೇ ಹೇಳಿದ್ದು. ಕಾಶಮ್ಮ ರಾಗಿ ಜರಡಿ ಹಿಡಿಯುತ್ತ ಹೂಂಗುಟ್ಟುತ್ತಿದ್ದಳು.

ಬಂದ ಮೇಲೆ ಕೇಳುವಳೇ ಹೊರತು ಹೊರಡುವಾಗ ಒಂದು ದಿನವೂ ಎಲ್ಲಿಗೆ ಎಂದವಳಲ್ಲ. ಹೊರಟವರನ್ನು ಹಾಗೆ ಕೇಳಬಾರದು, ಹೋದ ಕೆಲಸ ಕೆಡುತ್ತದೆ. ತಿಳಿಯಲೇಬೇಕೆಂದರೆ "ದೂರ ಹೊರಟ್ರಾ?" ಎನ್ನಬೇಕು. ಬಾಯಿ ತಪ್ಪಿ ಯಾರಾದರೂ ಎಲ್ಲಿಗೆ ಎಂದುಬಿಟ್ಟರೆ ಹೊರಟವರು ಒಳಗೆ ಬಂದು, ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ಮದುವೆಯಾದ ಹೊಸತರಲ್ಲಿ ಮಾತ್ರ ಕಾಶಮ್ಮ ಒಮ್ಮೆ ಕೇಳಿದ್ದಳು. ಅವನು ಅವಸರದಲ್ಲಿದ್ದ, ಕೂರದೆ ಹೋದ. ಆವತ್ತೇ ಒಂದು ಎಮ್ಮೆ ಒದ್ದು ಎರಡು ಹಲ್ಲು ಉದುರಿಸಿತು. ಎಮ್ಮೆಯನ್ನು ಯಾರೂ ಬೈಯಲಿಲ್ಲ. ಅತ್ತೆ ಹುಚ್ಚಮ್ಮ ಮಾತ್ರ, "ನಿನ್ ಬಾಯಿಂದ್ಲೇ ನನ್ ಮಗನ ಬಾಯಿ ಹೋಯ್ತು" ಎಂದು ಸಾಯುವ ತನಕ ಹಾಡಿಕೊಂಡಳು. ಅಂದಿನಿಂದ ಆ ಮಾತು ಕಾಶಮ್ಮನ ನಾಲಿಗೆಯ ಮೇಲೆ ಬರುವುದೇ ನಿಂತಿತು.

ಮರೆವು ಶುರುವಾದದ್ದು ಯಾವಾಗ ಎಂದು ಅವಳು ಎಷ್ಟು ಯೋಚಿಸಿದರೂ ಹೊಳೆಯುವುದಿಲ್ಲ. ಮೊದಲು ಜನರ ಹೆಸರು ಹೋದವು, ಆಮೇಲೆ ಉಂಡದ್ದು ಮರೆಯಿತು. ವಯಸ್ಸಾಯಿತಲ್ಲ, ಯಾರಿಗಿಲ್ಲ ಎಂದುಕೊಂಡಳು. ಒಂದು ಸಂಜೆ ಈರುಳ್ಳಿ ತುಂಬಿದ ಟೆಂಪೋ ಮನೆ ಮುಂದೆ ನಿಂತಿತು. ಚೀಲಗಳ ಮೇಲೆ ಸೈಕಲ್, ಮುಂದೆ ಡ್ರೈವರ್ ಪಕ್ಕದಲ್ಲಿ ಈರಭದ್ರಪ್ಪ. ಟೆಂಪೋದ ಹೊನ್ನಯ್ಯ ಕಾಶಮ್ಮನನ್ನು ಪಕ್ಕಕ್ಕೆ ಕರೆದು, "ಅಜ್ಜಂಪುರದ ರೋಡಲ್ಲಿ ನಿಂತಿದ್ರು ಕಣಮ್ಮ. ಹೊಳೆ ಎಲ್ಲೋಯ್ತು ಅಂತ ಬಂದ್ ಬಂದೋರ್ನೆಲ್ಲ ಕೇಳ್ತಿದ್ರು" ಎಂದ. ಹೊಳೆ ಇದ್ದದ್ದು ಒಂದು ಕಡೆ, ಅವನು ಹೋದದ್ದು ಇನ್ನೊಂದು ಕಡೆ.

ಅದಾದ ಮೇಲೆ ಇನ್ನೊಮ್ಮೆ ಹೋದವನು ರಾತ್ರಿಯಾದರೂ ಬರಲಿಲ್ಲ. ಮಗ ಧರ್ಮೇಶ್ ಬೈಕಿನಲ್ಲಿ ಹೊಳೆಯ ಎರಡೂ ದಂಡೆ ಹುಡುಕಿದ. ದಾರಿಯುದ್ದಕ್ಕೂ ಜನ ಅವನನ್ನು ನೋಡಿದ್ದರು, ಮಾತಾಡಿಸಿಯೂ ಇದ್ದರು. ಒಬ್ಬರಾದರೂ ಎಲ್ಲಿಗೆ ಎಂದು ಕೇಳಿರಲಿಲ್ಲ. ದೂರ ಹೊರಟ್ರಾ ಡಾಕ್ಟ್ರೇ ಎಂದಿದ್ದರು, ಹಿಂಗೇ ಎಂದಿದ್ದ, ಸರಿ ಎಂದು ಬಿಟ್ಟಿದ್ದರು. ಎಲ್ಲರೂ ಒಳ್ಳೆಯವರೇ, ಹೊರಟವನಿಗೆ ಕೆಡುಕಾಗಬಾರದು ಅಂದುಕೊಂಡವರೇ. ಬೆಳಿಗ್ಗೆ ಜಾಲಿಪೊದೆಯ ಮಗ್ಗುಲಲ್ಲಿ ಮೈಯೆಲ್ಲ ಗೀಚಿಕೊಂಡು ಕೂತಿದ್ದವನು ಸಿಕ್ಕಿದ. ಶಿವಮೊಗ್ಗದ ಡಾಕ್ಟರು ಇದು ಮಿದುಳಿನ ಕಾಯಿಲೆ, ಕಡಿಮೆಯಾಗುವುದಿಲ್ಲ, ಹೆಚ್ಚುತ್ತಲೇ ಹೋಗುತ್ತದೆ, ಒಬ್ಬರನ್ನೇ ಬಿಡಬೇಡಿ ಎಂದರು.

ಧರ್ಮೇಶ್ ಪೇಟೆಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಇಟ್ಟವನು. ಸಂಜೆ ಬರುವಾಗ ಸರಪಳಿ, ಬೀಗ ತಂದ. ಸೈಕಲ್ಲನ್ನು ಅಂಗಳದ ಕಂಬಕ್ಕೆ ಬಿಗಿದ. ಮಾರನೆಯ ದಿನ ಬೆಳಗಿನಿಂದ ಈರಭದ್ರಪ್ಪ ಆ ಸರಪಳಿಯನ್ನು ಜಗ್ಗಿದ, ಜಗ್ಗಿದ, ಅಂಗೈ ಕಿತ್ತು ರಕ್ತ ಬರುವ ತನಕ ಜಗ್ಗಿದ. ಆಮೇಲೆ ಅಲ್ಲೇ ಕೂತು ಅತ್ತ. ಕಾಶಮ್ಮ ಅವನು ಅತ್ತದ್ದನ್ನು ಆ ತನಕ ನೋಡಿರಲಿಲ್ಲ.

"ಬಿಚ್ಚೋ. ದನ ಕಟ್ಟಿದಂಗೆ ಕಟ್ಬೇಡ" ಎಂದಳು ಮಗನಿಗೆ. "ನಾನ್ ನೋಡ್ಕಂತೀನಿ."

"ನೀನ್ ಏನವ್ವ ನೋಡ್ಕಂತೀಯ? ಅಡಿಗೆ ಮನೇಲಿದ್ದಾಗ ಹೋದ್ರೆ?"

"ಬಿಡಾಕಿಲ್ಲ."

"ಇನ್ನೊಂದ್ಸಲ ಹೋದ್ರೆ ಜೀವಂತ ಸಿಗ್ತಾರೆ ಅಂತ ನಾನಂತೂ ಹೇಳಾಕಿಲ್ಲ. ನಿನ್ ಕೈಲಿ ಆಗ್ಲಿಲ್ಲ ಅಂದ್ರೆ ನೀನೇ ಹಾಕು ಬೀಗ." ಸರಪಳಿ ಬಿಚ್ಚಿ ಅವಳ ಕಾಲ ಬಳಿ ಇಟ್ಟು ಅಂಗಡಿಗೆ ಹೋದ. ಅವನು ಕೆಟ್ಟ ಮಗನಲ್ಲ. ಹೆದರಿದ್ದ, ಅಷ್ಟೆ.

ಆಗಲ್ಲ ಎಂದೇ ಅವಳಿಗೂ ಅನ್ನಿಸಿತ್ತು. ಮಾರನೆಯ ಬೆಳಿಗ್ಗೆ ಒಲೆಯ ಮುಂದಿದ್ದಾಗ ಸ್ಟ್ಯಾಂಡ್ ತೆಗೆದ ಸದ್ದಾಯಿತು. ಹಿಟ್ಟಿನ ಕೈಯಲ್ಲೇ ಓಡಿ ಬಂದವಳ ಬಾಯಿಂದ ಬಂದದ್ದು ಅದೇ ಮಾತು.

"ಎಲ್ಲಿಗ್ರೀ?"

ಈರಭದ್ರಪ್ಪನ ಮುಖ ಕೆಂಪಾಯಿತು. "ಲೇ, ಬುದ್ಧಿ ಎಲ್ಲಿಟ್ಟಿದ್ದೀಯೇ? ಹೊರಟೋರ್ನ ಎಲ್ಲಿಗೆ ಅಂತಾರೇನೇ? ನಮ್ಮವ್ವ ಅಷ್ಟು ಹೇಳಿದ್ರೂ ಬರ್ಲಿಲ್ವಲ್ಲ ನಿಂಗೆ!" ಎಂದು ಸೈಕಲ್ಲನ್ನು ಗೋಡೆಗೆ ಒರಗಿಸಿ, ದುಮುಗುಟ್ಟುತ್ತ ಒಳಗೆ ಬಂದು ಕುರ್ಚಿಯಲ್ಲಿ ಕೂತ. ಕಾಶಮ್ಮ ನೀರು ಕೊಟ್ಟಳು. ಕುಡಿದ. ಕುಡಿದು ಲೋಟ ಕೆಳಗಿಟ್ಟು ಸುಮ್ಮನೆ ಕೂತೇ ಇದ್ದ. ಹೊರಟಿದ್ದದ್ದೇ ಮರೆತುಹೋಗಿತ್ತು!

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರೆ. ಇಲ್ಲಿ ಆಡಿದ ಮಾತೇ ಮನೆ ಉಳಿಸಿತು. ಅಂದಿನಿಂದ ಅದೇ ಅವಳ ಬೀಗ, ಅದೇ ಸರಪಳಿ. ಬೆಳಿಗ್ಗೆ ಹೊರಟರೆ ಎಲ್ಲಿಗ್ರೀ, ಮಧ್ಯಾಹ್ನ ಹೊರಟರೆ ಎಲ್ಲಿಗ್ರೀ. ಪ್ರತಿ ಸಲವೂ ಬೈದು ಒಳಗೆ ಬರುತ್ತಿದ್ದ, ನೀರು ಕುಡಿಯುತ್ತಿದ್ದ, ಮರೆಯುತ್ತಿದ್ದ. ಕೇಳಿದಾಗಲೆಲ್ಲ, ಕೆಡುಕಾದರೆ ನನಗಾಗಲಿ ಶಿವನೇ ಎಂದು ಒಳಗೊಳಗೇ ಕೈಮುಗಿಯುತ್ತಿದ್ದಳು. ಆದರೂ ಒಂದು ನಿಜ ಹೇಳಬೇಕು. ಆ ಬೈಗುಳಕ್ಕಾಗಿ ಅವಳು ಕಾಯುತ್ತಿದ್ದಳು. ಮಗನ ಹೆಸರು ಹೋಗಿತ್ತು, ಮನೆಯ ಬಚ್ಚಲು ಎಲ್ಲಿದೆ ಎಂಬುದೂ ಹೋಗಿತ್ತು. ಬೈಯುವಾಗ ಮಾತ್ರ ಅವನಿಗೆ ತಾನು ಗಂಡ, ಇವಳು ಹೆಂಡತಿ ಎಂಬುದು ನೆಟ್ಟಗೆ ನೆನಪಿರುತ್ತಿತ್ತು. ಬೇರೆಯವರ ಹೆಂಡತಿಯನ್ನು ಯಾರಾದರೂ ಲೇ ಎನ್ನುತ್ತಾರೆಯೇ? ದಿನಕ್ಕೆರಡು ಸಲ ಲೇ ಎನ್ನಿಸಿಕೊಂಡರೆ ಅವಳಿಗೆ ಆ ದಿನ ದಾಟುತ್ತಿತ್ತು.

ಹೀಗೆ ಒಂದು ಮಳೆಗಾಲ ಕಳೆಯಿತು, ರಾಗಿ ಕೊಯ್ಲೂ ಮುಗಿಯಿತು. ಧರ್ಮೇಶನೂ ಸರಪಳಿಯ ಮಾತೆತ್ತಲಿಲ್ಲ.

ಆಮೇಲೊಂದು ಬೆಳಿಗ್ಗೆ ಈರಭದ್ರಪ್ಪ ಸೈಕಲ್ ಹಿಡಿದು ಗೇಟಿನ ಬಳಿ ನಿಂತಿದ್ದ. ಕಾಶಮ್ಮ ಈಗ ಮೊದಲಿನ ಹಾಗೆ ಓಡುತ್ತಿರಲಿಲ್ಲ. ಒಂದು ಕೈಯಲ್ಲಿ ನೀರಿನ ಲೋಟ ಹಿಡಿದೇ ಬಾಗಿಲಿಗೆ ಬಂದಳು.

"ಎಲ್ಲಿಗ್ರೀ?"

ಅವನು ತಿರುಗಿ ನೋಡಿದ. ಮುಖ ಕೆಂಪಾಗಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು, ಗುರುತಿಲ್ಲದ ಹೆಣ್ಣುಮಗಳ ಮುಂದೆ ಮಾತಾಡುವ ಹಾಗೆ ನೆಲ ನೋಡಿದ.

"ಮನೆಗೆ ತಾಯಿ" ಎಂದ.

ಬೈತಾನೆ, ಈಗ ಬೈತಾನೆ ಎಂದು ಕಾಶಮ್ಮ ಕಾದಳು. ಇನ್ನೊಮ್ಮೆ, ಜೋರಾಗಿ, "ಎಲ್ಲಿಗೆ ಅಂದೆ ಕಣ್ರೀ" ಎಂದಳು.

"ನಮ್ಮನೆಗೆ. ನಮ್ಮನೆಯೋಳು ಕಾಯ್ತಿರ್ತಾಳೆ. ಬಾಯ್ಬಿಟ್ಟು ಕೇಳಾಕಿಲ್ಲ ಅವ್ಳು. ಕಾಯ್ತಾಳೆ."

"ದೂರವಾ?" ಎಂದಳು.

ಈರಭದ್ರಪ್ಪ ಬೀದಿಯ ಆ ತುದಿ ಈ ತುದಿ ನೋಡಿದ. "ದೂರ ಏನಿಲ್ಲ ತಾಯಿ. ಇಲ್ಲೇ ಎಲ್ಲೋ ಇರ್ಬೇಕು."

ಅವಳು ಹ್ಯಾಂಡಲಿಗೆ ಕೈ ಹಾಕಿದಳು. ಅವನು ಮರ್ಯಾದಸ್ತ, ಹೆಂಗಸಿನ ಕೈ ತಗಲಬಾರದೆಂದು ತಾನೇ ಬಿಟ್ಟುಕೊಟ್ಟ. "ಬಿಸ್ಲು ಐತೆ, ಒಂದ್ಗಳಿಗೆ ಕುಂತು ಹೋಗಿ" ಎಂದಳು. ಅವನು ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, ಒಳಗೆ ಬರಬಹುದೇ ಎಂಬಂತೆ ನೋಡಿ, ತನ್ನದೇ ಕುರ್ಚಿಯ ಅಂಚಿನಲ್ಲಿ ಕೂತ. ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿದ. ಬಂದವರು ಕುಡಿಯುವುದು ಹಾಗೆ. "ಪುಣ್ಯ ಬರ್ಲಿ ನಿಮ್ಗೆ" ಎಂದ.

ಕಾಶಮ್ಮ ಹಿತ್ತಲಿಗೆ ಹೋಗಿ ಸರಪಳಿ ತಂದಳು. ಮಗನಿಗೆ ಹೇಳಿ ಕಳಿಸಲಿಲ್ಲ. ಸೈಕಲ್ಲನ್ನು ಕಂಬಕ್ಕೆ ಒರಗಿಸಿ, ಚಕ್ರದ ಕಡ್ಡಿಗಳ ನಡುವೆ ಸರಪಳಿ ತೂರಿಸಿ, ಬೀಗ ಒತ್ತಿದಳು. ಮೊದಲ ಸಲ ಕೂರಲಿಲ್ಲ, ಇನ್ನೊಮ್ಮೆ ಒತ್ತಿದಳು. ಒಳಗಿದ್ದವನಿಗೆ ಸದ್ದು ಕೇಳಿಸಿತು. ಯಾಕೆ, ಏನು ಎಂದು ಕೇಳಲಿಲ್ಲ. ಪರರ ಮನೆಯ ವಿಷಯವೆಂದು ಸುಮ್ಮನಿದ್ದ.