ಕೆಂಪು ಬಣ್ಣದ ಮೊದಲ ಲಡಿ

ಕೊರೊನಾದ ಆ ದಿನಗಳಲ್ಲಿ ಗಜೇಂದ್ರಗಡದ ನಮ್ಮ ಓಣಿಯಲ್ಲಿ ಕೇಳಿಸುತ್ತಿದ್ದುದು ಅವ್ವನ ಮಗ್ಗದ ಸದ್ದು ಒಂದೇ. ಮಧ್ಯಾಹ್ನ ಕಣ್ಣು ಮುಚ್ಚಿದರೆ ಗುಡ್ಡದ ಮೇಲಿನ ಕೋಟೆಯೇ ನಿದ್ದೆಯಲ್ಲಿ ಉಸಿರಾಡಿದ ಹಾಗೆ ಕೇಳಿಸುತ್ತಿತ್ತು. ಅವ್ವನಿಗೆ ಉಬ್ಬಸ. ಮಗ್ಗದ ಕೋಣೆಯ ಬಾಗಿಲು ಹಾಕಿಕೊಂಡು ಒಳಗೇ ಇರುತ್ತಿದ್ದಳು. ನನ್ನ ನಾಲ್ಕು ವರ್ಷದ ಮಗಳು ಅಂಗಳದಲ್ಲಿ ದೂರ ನಿಂತು ಕಿಟಕಿಯತ್ತ ಕೂಗುತ್ತಿದ್ದಳು.

"ಆಯೀ, ನಿನ್ನ ತೊಡಿ ಮ್ಯಾಲೆ ಯಾವಾಗ ಕುಂದ್ರಲಿ?"

"ಲಸಿಕಿ ಸೂಜಿ ಬರ್ಲಿ, ಬಂಗಾರಾ."

ಅಷ್ಟರೊಳಗೆ ಅವ್ವನಿಗೆ ಏನಾದರೂ ಆದರೆ? ನನ್ನ ಹೆದರಿಕೆ ಅದೊಂದೇ. ಹೆದರಿಕೆ ಬಂದರೆ ನನಗೆ ಸಿಟ್ಟೂ ಬರುತ್ತದೆ. ಮನೆ ಮನೆ ವಿಚಾರಿಸಲು ಬಂದ ನರ್ಸಬಾಯಿಯ ಮೇಲೆ ಹರಿಹಾಯ್ದೆ. "ಚಂದ್ರನ ತನಕ ಹೋಗ್ತಾರ, ಒಂದ್ ಲಸಿಕಿ ಲಗೂ ಮಾಡಾಕ ಬರಂಗಿಲ್ಲೇನ್ರಿ?"

ಆಕೆ ಬಿಸಿಲಲ್ಲೇ ನಿಂತು ಹೇಳಿದಳು: "ಮಾಡೂದು ಲಗೂ ಆಗ್ತೈತ್ರಿ, ನೋಡೂದಕ್ಕ ಹೊತ್ತು ಬೇಕು. ಮೊದ್ಲ ಇಲಿಗಿ, ಆಮ್ಯಾಲೆ ಸ್ವಲ್ಪ ಮಂದಿಗಿ, ಆಮ್ಯಾಲೆ ಸಾವಿರಾರು ಮಂದಿಗಿ. ಕೆಲವ್ರಿಗಿ ಖರೇ ಲಸಿಕಿ, ಉಳದವ್ರಿಗಿ ಬರೇ ನೀರಿನಂಥಾದ್ದು. ಯಾರಿಗಿ ರೋಗ ಬರ್ತೈತಿ, ಯಾರಿಗಿ ಬರಂಗಿಲ್ಲ, ತ್ರಾಸು ಏನರ ಆಗ್ತೈತೇನು ಅಂತ ಕಾಯಬೇಕ್ರಿ. ಕಡೀಕ ಆ ಲೆಕ್ಕದ ಕಾಗದಾ ಎಲ್ಲಾ ಬ್ಯಾರೇದವ್ರು ಕುಂತು ನೋಡಿ ಹೂಂ ಅನಬೇಕು. ಹಿಂದಕ ಇದಕ್ಕ ವರ್ಷಗಟ್ಲೆ ಹಿಡೀತಿತ್ತು. ಈ ಸಲ ಎಲ್ಲಾರೂ ಕೂಡೇ ಕೆಲಸಕ್ಕ ಬಿದ್ದಾರ."

ನನಗೆ ಸಮಾಧಾನವಾಗಲಿಲ್ಲ. ಒಳಗೆ ಮಗ್ಗ ನಿಂತಿತು. "ಆ ಕೆಂಪು ಮರತೇನ್ ಬೇ?" ಎಂದಳು ಅವ್ವ.

ಮರೆಯುವುದು ಹೇಗೆ? ಹೊಸ ಬಣ್ಣ ತಂದರೆ ನಮ್ಮ ಮನೆಯಲ್ಲಿ ಮೊದಲು ಒಂದೇ ಲಡಿ ನೂಲಿಗೆ ಹಾಕುತ್ತಿದ್ದರು. ತೊಳೆದು, ಬಿಳಿ ಬಟ್ಟೆಗೆ ಉಜ್ಜಿ, ಎಂಟು ದಿನ ಬಿಸಿಲಿಗೆ ಕಟ್ಟಿ, ಮತ್ತೆ ತೊಳೆದು ನೋಡಬೇಕು. ನನಗಾಗ ಹದಿನಾರು. ಮುಶಿಗೇರಿಯ ಚಿಕ್ಕವ್ವನ ಮಗಳ ಮದುವೆ ಹತ್ತಿರ ಬಂದಿತ್ತು, ಅವಳ ಸೀರೆಯನ್ನು ನಾವೇ ನೇಯಬೇಕಿತ್ತು. ಅವ್ವ ಊರಲ್ಲಿಲ್ಲದಾಗ ಮೂರನೆಯ ದಿನಕ್ಕೇ ಲಡಿ ಬಿಚ್ಚಿ, ಚಲೋ ಇದೆ ಎಂದು ದಡಿಯ ನೂಲನ್ನೆಲ್ಲ ಆ ಹೊಸ ಕೆಂಪಿಗೆ ಅದ್ದಿಬಿಟ್ಟೆ. ಎಂಟು ದಿನ ಆಗಿದೆ ಎಂದು ಅವ್ವನಿಗೆ ಸುಳ್ಳು ಹೇಳಿದೆ. ಮದುವೆಯಾಗಿ ಮೊದಲ ಸಲ ಒಗೆದಾಗ ಕೆಂಪು ದಡಿ ಅರಿಶಿನ ಬಣ್ಣದ ಒಡಲಿಗೆಲ್ಲ ಹರಿಯಿತು. ಆ ಹುಡುಗಿ ಸೀರೆ ಹಿಡಿದುಕೊಂಡು ಅತ್ತಳು. ಅವ್ವ ಬೇರೆ ನೇಯ್ದುಕೊಟ್ಟು, ಕೆಟ್ಟದ್ದನ್ನು ಕೌದಿಗೆ ಹಾಕಿದಳು.

"ಅದು ಸೀರಿ, ಕೌದಿ ಆತು," ಎಂದಳು ಅವ್ವ ಈಗ ಕಿಟಕಿಯೊಳಗಿಂದ. "ಮನಶ್ಯಾರ ಮೈ ಕೆಟ್ರ ಏನ್ ಮಾಡ್ತಿ?"

ಕೊನೆಗೂ ಲಸಿಕೆ ಬಂತು. ದವಾಖಾನೆಯಲ್ಲಿ ಅವ್ವನಿಗೆ ಎರಡನೆಯ ಸೂಜಿಯೂ ಆದ ದಿನ ನಾನು ಮಗಳನ್ನು ಬಾಗಿಲಿಗೇ ಕರೆತಂದೆ. ಅವ್ವ ಒಳಗಿನಿಂದ ಚಿಲಕ ಹಾಕಿಕೊಂಡಳು. "ಮೈಯಾಗ ಊರ್ಲಿ, ತಡಿ. ಇನ್ನೆರಡು ವಾರ."

ಆ ಎರಡು ವಾರ ಕಳೆದ ಮಧ್ಯಾಹ್ನ ಬಾಗಿಲು ತೆರೆಯಿತು. ಅವ್ವ ಕಲೆಬಿದ್ದ ಆ ಕೌದಿಯನ್ನು ಹಾಸಿ ಕುಳಿತಿದ್ದಳು. ಮಗಳು ಓಡಿಹೋಗಿ ತೊಡೆಯೇರಿ, ಮಾತಾಡುತ್ತಲೇ ನಿದ್ದೆಹೋದಳು. ಅವ್ವ ಅವಳ ಕೂದಲು ನೇವರಿಸಿದಳು.

"ನಮಗಿಂತ ಮೊದ್ಲ ಈ ಸೂಜಿಗಿ ತೋಳು ಕೊಟ್ಟವ್ರು ಯಾರ್ ಯಾರೋ," ಎಂದಳು. "ಅವ್ರ ಹೊಟ್ಟಿ ತಣ್ಣಗಿರ್ಲಿ."

ಆಮೇಲೆ ಏನೋ ನೆನಪಾದವಳಂತೆ ಕೇಳಿದಳು: "ಬರೇ ನೀರು ಹಾಕಿಸ್ಕೊಂಡು ಕಾದ್ರಲ್ಲ, ಅವ್ರಿಗೆಲ್ಲಾ ಆಮ್ಯಾಲೆ ಖರೇದು ಸಿಕ್ಕಿತೇನು?"

ನರ್ಸಬಾಯಿಯನ್ನೇ ಕೇಳಿ ಹೇಳುತ್ತೇನೆ ಎಂದೆ. ಅಷ್ಟು ದಿನ ಸಿಟ್ಟು ಮಾಡಿದವಳು ಅವರನ್ನು ಒಮ್ಮೆಯೂ ನೆನೆದಿರಲಿಲ್ಲ.