ಬಾಗಿಲ ಹೊರಗಿನ ಚಪ್ಪಲಿಗಳು

ಈಗ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನಲ್ಲೂ ಆಟಗಳು ಓಡುತ್ತವಂತೆ. ಅದರ ದೊಡ್ಡಪ್ಪ ಯುನಿಕ್ಸಿನ ಕಾಲದಲ್ಲಿ ನಾನು ಬೊರಿವಲಿಯಿಂದ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಹೋಗಿ ಊರವರ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೆ. ಒಂದು ದಿನ ಅಂಧೇರಿಯ ಆಫೀಸೊಂದರಿಂದ ಒಂದೇ ಸಮನೆ ಫೋನು: ಹೊಸ ಯುನಿಕ್ಸ್ ಮೆಷಿನ್ ಕೆಟ್ಟಿದೆ, ಕೂಡಲೇ ಬನ್ನಿ. ಬೆವರು ಒರೆಸಿಕೊಂಡು ಹೋಗಿ ನೋಡಿದರೆ ಮೆಷಿನ್ ಗುಂಡುಕಲ್ಲಿನ ಹಾಗೆ ಗಟ್ಟಿಮುಟ್ಟಾಗಿತ್ತು.

ಅಲ್ಲಿನ ಮ್ಯಾನೇಜರ್ ರಾವ್ ಮೈಸೂರಿನ ಕಡೆಯವರು. ಮೆಲ್ಲಗೆ ಹೇಳಿದರು, "ಆಟ ಓಡ್ತಿಲ್ಲ ಕಣ್ರೀ. ಹಳೇ ಮೆಷಿನ್‌ನಲ್ಲಿತ್ತಲ್ಲ, ಕಾರ್ ಓಡಿಸೋದು."

ನನಗೆ ರೇಗಿತು. "ಅದು ಹಳೇ ಡಾಸ್ ಸಿಸ್ಟಮ್ಮಿನ ಆಟ ಸಾರ್, ಈ ಯುನಿಕ್ಸಿನಲ್ಲಿ ಓಡಲ್ಲ. ಇಷ್ಟಕ್ಕೇ ಕರೆಸಿದ್ರಾ?"

"ನನಗೋಸ್ಕರ ಅಲ್ಲ ರೀ. ಮೆಷಿನ್‌ಗೆ ಧೂಳು ಆಗಬಾರದು ಅಂತ ಈ ರೂಮಿಗೆ ಚಪ್ಪಲಿ ಬಿಟ್ಟೇ ಬರಬೇಕಲ್ವಾ? ಆಟ ಇದ್ದಾಗ ಬಾಗಿಲಲ್ಲಿ ಚಪ್ಪಲಿ ರಾಶಿ ಬಿದ್ದಿರ್ತಿತ್ತು. ದೊಡ್ಡ ಸಾಹೇಬರು ಅದನ್ನ ನೋಡಿ, ಎಷ್ಟು ಕೆಲಸ ಮಾಡ್ತಾರೆ ಅಂತ ಖುಷಿಪಟ್ಟು ಹೊಸ ಮೆಷಿನ್ ಕೊಡಿಸಿದ್ರು. ಈಗ ಒಂದು ಜೊತೆ ಚಪ್ಪಲಿನೂ ಇಲ್ಲ. ನಿಮ್ಮ ಸೆಕ್ಷನ್ನೇ ಯಾಕೆ ಬೇಕು, ಮುಚ್ಚಿಬಿಡೋಣ ಅಂತಿದಾರೆ."

ವಾದ ಮಾಡುವ ತ್ರಾಣ ನನಗಿರಲಿಲ್ಲ. "ಹೊರಗೆಲ್ಲ ಸೆಕೆ, ಈ ರೂಮಿನ ಎ.ಸಿ. ಜೋರು ಮಾಡಿ ಸಾರ್," ಎಂದು ಹೇಳಿ ಹೊರಟೆ.

ಮುಂದಿನ ತಿಂಗಳು ಮತ್ತೆ ಕರೆ ಬಂತು. ಹೋದರೆ ಬಾಗಿಲಲ್ಲಿ ಚಪ್ಪಲಿ ರಾಶಿ. ಒಳಗೆ ಎಲ್ಲರೂ ಕೀಬೋರ್ಡಿನ ಪಕ್ಕ ತಲೆಯಿಟ್ಟು ತಣ್ಣಗೆ ನಿದ್ದೆ ಹೊಡೆಯುತ್ತಿದ್ದರು. ಚಪ್ಪಲಿಗಳಲ್ಲೇ ಕೆಲಸದ ಭರಾಟೆ ಕಂಡು ಸಾಹೇಬರು ಇನ್ನೊಂದು ಮೆಷಿನ್ ಮಂಜೂರು ಮಾಡಿದ್ದರಂತೆ.