ಖಂಡೇಪೂಜೆಗೆ ಕುಳಿತ ಅಪ್‌ಡೇಟ್

ನಮ್ಮ ಗಚ್ಚಿಬೌಲಿ ಅಪಾರ್ಟ್‌ಮೆಂಟಿನವರು ಹೇಳುವುದು ಒಂದೇ: ಎದುರುಮನೆಯ ಕಾಕಾ ಕೈಯಲ್ಲಿ ಹಿಡಿದು ಆಡುವ ಗೇಮಿಂಗ್ ಕಂಪ್ಯೂಟರ್ ಕೊಂಡು, ಆಡಲು ಬಾರದೆ ಸುಮ್ಮನೆ ಇಟ್ಟುಕೊಂಡಿದ್ದರು. ನಾನು ಒಪ್ಪುವುದಿಲ್ಲ. ಸುಮ್ಮನೆ ಇಟ್ಟುಕೊಂಡವರು ದಿನವೂ ಅದರ ಫ್ಯಾನಿನ ವೇಗ, ಗುಂಡಿಗಳ ಕೆಲಸ ಬದಲಿಸುತ್ತ ಕೂರುತ್ತಾರೆಯೇ? ಕೇಳಿದರೆ ಕನ್ನಡಕವನ್ನು ಹಣೆಗೇರಿಸಿ, "ತಡಿ ತಮ್ಮಾ, ಸೆಟ್ ಮಾಡಾಕತ್ತೀನಿ" ಎನ್ನುತ್ತಿದ್ದರು.

ಆಯುಧಗಳನ್ನು ಪೂಜಿಸುವ ಖಂಡೇಪೂಜೆಯ ದಿನ ಅವರು ಸ್ನಾನಕ್ಕೆ ಹೋದಾಗ ಅವರ ಹೆಂಡತಿ ಕಾಕು ಕತ್ತರಿ, ಈಳಿಗೆ, ಸ್ಕೂಟರ್ ಕೀಲಿಯ ಪಕ್ಕ ಅದನ್ನೂ ಅದರ ಚಾರ್ಜರನ್ನೂ ಇಟ್ಟು ಕುಂಕುಮ ಹಚ್ಚಿಬಿಟ್ಟರು. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ಆದರೆ ಒಳಗೆ ಅಪ್‌ಡೇಟ್ ಅರ್ಧ ನಡೆದಿತ್ತು. ನಡುವೆ ಬ್ಯಾಟರಿ ಮುಗಿದರೆ ಯಂತ್ರವೇ ಕೆಡುತ್ತಿತ್ತು. ಕಾಕಾ ದೇವರ ಮುಂದೆ ಕೈಮುಗಿದು ಕುಳಿತರು, ಕಣ್ಣು ಮಾತ್ರ ಬ್ಯಾಟರಿಯ ಗುರುತಿನ ಮೇಲೆ.

"ಚಾರ್ಜರ್ ಅಷ್ಟ ಹಚ್ಚಲೇನ?" ಎಂದು ಕಾಕಾ ಕೇಳಿದರು.

"ಅದೂ ಪೂಜಿಗೆ ಕುಂತೈತಿ. ಮುಟ್ಟಬ್ಯಾಡ್ರಿ," ಎಂದರು ಕಾಕು.

ಪೂಜೆಗೆಂದು ಬಂದಿದ್ದ ನಾನು ವಾದಕ್ಕಿಳಿದೆ. "ಕಾಕು, ದೀಪ ಶಾಂತ ಆಗಬಾರದಂತ ಎಣ್ಣಿ ಹಾಕ್ತೀರಲ್ರಿ? ಇದೂ ಹಂಗ."

ಕಾಕು ನಕ್ಕು, ತಾವೇ ಪ್ಲಗ್ ಚುಚ್ಚಿದರು.

ಮರುದಿನ ಯಂತ್ರ ಪೂರ್ತಿ ಸಜ್ಜಾಗಿತ್ತು. ಕಾರ್ ರೇಸ್ ತೆರೆದುಕೊಂಡು, ಒಂದು ಗುಂಡಿ ಒತ್ತಿದರೆ ಹೊರಡುತ್ತೇನೆಂದು ಕಾಯುತ್ತಿತ್ತು. ಕಾಕಾ ಹೆಬ್ಬೆರಳೆತ್ತಿ ಒಂದು ನಿಮಿಷ ನೋಡಿದರು. ಆಮೇಲೆ ಮಾಡಿಟ್ಟ ಸೆಟ್ಟಿಂಗ್ ಎಲ್ಲವನ್ನೂ ಅಳಿಸಿ, ಮೊದಲಿನಿಂದ ಸೆಟ್ ಮಾಡಲು ಶುರುಮಾಡಿದರು.

"ಖರೇ ಹೇಳ್ರಿ ಕಾಕಾ," ಎಂದೆ, "ಇದು ಪೂರಾ ಸೆಟ್ ಆದ್ರ ನಿಮಗ ಏನ್ ಅಂಜಿಕಿ?"